ಏಳನೇ ಕಾಲಂ

ಮಲಾಬಾ ಗಡಿಯಲ್ಲಿ ನನ್ನದೊಂದು ಮೇಜು,
ಕಾಲು ಮೂರೇ; ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ.
ಬರೆಯಲು ಬಾರದವರಿಗೆ, ಕನ್ನಡಕ ಮರೆತು ಬಂದವರಿಗೆ,
ಬರೆಯಲು ಬಂದರೂ ಸರ್ಕಾರಿ ಕಾಗದ ಕಂಡರೆ
ಕೈ ನಡುಗುವವರಿಗೆ ಫಾರಂ ತುಂಬಿಕೊಡುತ್ತೇನೆ.
ಹಾಳೆಗೆ ಇಪ್ಪತ್ತು ಶಿಲಿಂಗ್.
ರೋಗ ಬಂದ ವರ್ಷ ಮೂವತ್ತು ಮಾಡಿದೆ.
ಸುಳ್ಳೇಕೆ, ಅದು ನನಗೆ ಸುಗ್ಗಿಯ ವರ್ಷ.

ಒಂದಿದ್ದ ಫಾರಂ ನಾಲ್ಕಾಯಿತು.
ಹಳದಿ ಚೀಟಿ, ಬಿಳಿ ಚೀಟಿ, ಮೂಗಿಗೆ ಕಡ್ಡಿ ಹಾಕಿದ ಚೀಟಿ,
ಆ ಚೀಟಿ ಅಸಲಿ ಎಂದು ಹೇಳುವ ಇನ್ನೊಂದು ಚೀಟಿ.
ಬುಂಗೋಮಾದ ಆಚೆಗೂ ಲಾರಿಗಳ ಸಾಲು,
ಲಾರಿಗಳ ಹೊಟ್ಟೆಯಡಿ ತೂಗುಮಂಚ, ಸೀಮೆಎಣ್ಣೆ ಸ್ಟವ್,
ಒಗೆದು ಹರವಿದ ಅಂಗಿ.
ನಿನ್ನೆಯವರೆಗೆ ಅವರಿಗೆ ಚಹಾ ಮಾರಿದ ಹೆಂಗಸರು
ಇವತ್ತು ಸೆರಗು ಮೂಗಿಗೊತ್ತಿ ಕೂಗುತ್ತಾರೆ:
ಡ್ರೈವರ್ ಬಂದ, ಮಕ್ಕಳೇ, ಒಳಗೆ ಬನ್ನಿ.

ಮುಟಿಂಡಾ ಮೊಂಬಾಸಾದಿಂದ ಗೋಧಿ ಹೇರಿಕೊಂಡು ಬಂದವನು.
ಅವನ ಫಲಿತಾಂಶ ಬರಲು ನಾಲ್ಕು ದಿನ ಹಿಡಿಯಿತು.
ಫಲಿತಾಂಶದ ಆಯುಸ್ಸು ಮೂರು ದಿನ.
‘ಅಕ್ಕಾ, ಹುಟ್ಟುವಾಗಲೇ ಸತ್ತಿದ್ದ ಕೂಸು ಇದು,
ಹೆಸರೇನು ಬರೀತಿ?’ ಅಂದ.
ಇಬ್ಬರೂ ನಗಲಿಲ್ಲ. ಹೊಸ ಹಾಳೆ ತೆಗೆದೆ.
ಮೂವತ್ತು ಶಿಲಿಂಗ್ ಎಣಿಸಿಕೊಂಡೆ.

ಅದೇ ಸಂಜೆ ಅಮೋದಿಂಗ್ ಬಂದಳು.
ತಲೆಯ ಮೇಲೆ ಗೆಣಸಿನ ಬುಟ್ಟಿ ಇಲ್ಲದ ಅವಳನ್ನು
ನಾನು ನೋಡಿದ್ದು ಅದೇ ಮೊದಲು.
ಕಂಕುಳಲ್ಲಿ ಮಡಿಸಿದ ಬಿಳಿ ಬಟ್ಟೆ.

ಪಾಸ್‌ಪೋರ್ಟ್ ಸಂಖ್ಯೆ?
‘ಹೊಳೆ ದಾಟೋಕೆ ಇಷ್ಟು ದಿನ ಕಾಲು ಸಾಕಿತ್ತು.’
ಭೇಟಿಯ ಉದ್ದೇಶ: ಪ್ರವಾಸ, ವ್ಯಾಪಾರ, ವಿದ್ಯಾಭ್ಯಾಸ, ಇತರೆ.
‘ತಂಗಿ ತೀರಿಕೊಂಡಳು.’
ಇತರೆ ಎಂಬಲ್ಲಿ ಗುರುತು ಹಾಕಿದೆ.
ಎಷ್ಟು ದಿನ ತಂಗುತ್ತೀರಿ?
‘ಮಣ್ಣು ಹಾಕುವಷ್ಟು.’

ಏಳನೇ ಕಾಲಂ:
ಕಳೆದ ಹದಿನಾಲ್ಕು ದಿನಗಳಲ್ಲಿ ಯಾವ ಯಾವ ದೇಶಗಳಲ್ಲಿದ್ದಿರಿ?

ಅವಳು ಬೆರಳು ಮಡಿಸುತ್ತ ಕುಳಿತಳು.
ಬಾವಿ ಆಚೆ, ಒಲೆ ಈಚೆ.
ಆಡು ಮೇಯುವುದು ಆಚೆ, ಈಯುವುದು ಈಚೆ.
ಹುಟ್ಟಿದ್ದು ಆಚೆ, ಹೆತ್ತದ್ದು ಈಚೆ.
ಅಜೋನ್ ಗಡಿಗೆಯ ಸುತ್ತ ಕೂತಾಗ
ಎರಡು ದೇಶದ ಉದ್ದುದ್ದ ಕೊಳವೆಗಳು
ಒಂದೇ ಬಿಸಿ ರಾಗಿಬೊಂಡದಲ್ಲಿ ಅದ್ದಿರುತ್ತಿದ್ದವು,
ಯಾರ ಗುಟುಕು ಯಾರದೆಂದು ಯಾರು ಕೇಳಿದ್ದರು?
ಈಗ ಆ ಗಡಿಗೆ ಬೋರಲು ಬಿದ್ದಿದೆ, ಕಾನೂನಿನ ಪ್ರಕಾರ.
‘ಹೊಳೆಯನ್ನೂ ಬರಿ,’ ಅಂದಳು.
‘ದಿನಾ ಅರ್ಧ ತಾಸು ಅದರಲ್ಲೇ ಇರ್ತೀನಿ.’

ಆ ಕಾಲಂನ ಅಗಲ ಒಂದೂವರೆ ಇಂಚು.
ಹಾವೂ ಸಾಯದ, ಕೋಲೂ ಮುರಿಯದ ಉತ್ತರ ಬರೆದೆ:
ಅನ್ವಯಿಸುವುದಿಲ್ಲ.

ಗಾಜಿನ ಹಿಂದೆ ನಮ್ಮ ಬೀದಿಯ ಪಾಪಾಯಿಯ ಮಗ.
ಚಿಕ್ಕವನಿದ್ದಾಗ ಇವಳ ಗೆಣಸು ಕದ್ದು ತಿಂದವನು.
ನಮ್ಮ ಮಾತಿನಲ್ಲಿ ಸಮಾಧಾನ ಹೇಳಿದ,
ಇಂಗ್ಲಿಷಿನಲ್ಲಿ ಇಲ್ಲ ಅಂದ.
ಕೊಟ್ಟ ಹಣ ಅವಳು ವಾಪಸು ಕೇಳಲಿಲ್ಲ.
ನಾನೂ ಕೊಡಲಿಲ್ಲ.

ಮೂರು ದಿನ ಕಳೆದು ಮುಟಿಂಡಾನ ಲಾರಿಗೆ ಗೇಟು ತೆರೆಯಿತು.
ಸರಕಿನ ಪಟ್ಟಿಯಲ್ಲಿ ನಾನೇ ಬರೆದದ್ದು: ಗೋಧಿ, ಆರುನೂರು ಮೂಟೆ.
ಸೀಟಿನಡಿ ಪಟ್ಟಿಯಲ್ಲಿಲ್ಲದ ಬಿಳಿ ಬಟ್ಟೆ.
ಅಷ್ಟು ಹೊತ್ತಿಗೆ ತಂಗಿಯನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಆಗಿತ್ತು,
ಅದು ನಮಗೆಲ್ಲ ಗೊತ್ತಿತ್ತು.

ವಾಪಸು ಬಂದಾಗ ಅವನೇ ಹೇಳಿದ:
ಮನೆ ಸಿಗಲಿಲ್ಲ, ತೊರೊರೊ ದಾರಿಯಲ್ಲಿ
ನೀರು ಹೊತ್ತು ಹೋಗುತ್ತಿದ್ದ ಹುಡುಗಿಯ ಕೈಗಿತ್ತೆ,
ಸಂಬಂಧಿ ಅಂದಳು,
ಅಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ.

ತಲುಪಿತಂತೆ, ಅಂದೆ ಅಮೋದಿಂಗ್‌ಗೆ.
ಅದೊಂದಕ್ಕೆ ದುಡ್ಡು ಕೇಳಲಿಲ್ಲ.